ಕಿಟಕಿಯಿಂದ ಇಟ್ಟ ಚೀಲ

ಬಸ್ಸಿನ ಬಣ್ಣ ಹೇಳಲಾರೆ. ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಬಿಸಿಲನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಚೀಲ ಮಾತ್ರ ಖಾತ್ರಿ. ಕಲಬುರಗಿಯ ಬಟ್ಟೆ ಅಂಗಡಿಯವರು ಕೊಟ್ಟ ಚೀಲ, ಹಿಡಿಕೆಗೆ ಮೌಶಿ ತನ್ನ ಹಳೆಯ ಸೀರೆಯ ಅಂಚು ಸುತ್ತಿದ್ದಳು.

ಮೌಶಿ ಎಂದರೆ ನನ್ನ ಅವ್ವನ ತಂಗಿ. ಅವಳ ಮಗಳು ನಾಚಾರಂನಲ್ಲಿರುತ್ತಾಳೆ. ಬಸುರಿ. ಆ ಸಂಜೆ ಅವಳಿಗೆ ಕುಬಸ, ಅಂದರೆ ಸೀಮಂತ. ತವರಿನ ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಮೌಶಿ ಹಿಂದಿನ ದಿನವೇ ದಿಲ್‌ಸುಖ್‌ನಗರದ ನಮ್ಮ ಮನೆಗೆ ಬಂದಿದ್ದಳು. ಬಳೆಗಳನ್ನು ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಅರಿಶಿನದ ದಾರದಿಂದ ಗಂಟು ಹಾಕಿ, ಊರಿನ ದೇವರ ಮುಂದಿಟ್ಟು ತಂದದ್ದು. ಆ ಗಂಟನ್ನು ಬಸುರಿಯ ಉಡಿಯಲ್ಲಿಟ್ಟ ಮೇಲೆಯೇ ಬಿಚ್ಚಬೇಕು. ನಡುವೆ ಬಿಚ್ಚಿದರೆ, ಒಳಗೆ ಬಳೆ ಒಡೆದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಮಗಳ ಹಿಂದಿನ ಬಸುರು ನಿಂತಿರಲಿಲ್ಲ. ಅದನ್ನೂ ಹೇಳುವುದಿಲ್ಲ.

ನಾಚಾರಂ ಹಾದು ಸಿಕಂದರಾಬಾದಿಗೆ ಹೋಗುವ ಬಸ್ಸು ಬಂತು. ಮೌಶಿ ಊರಿನಲ್ಲಿ ಮಾಡುವಂತೆಯೇ ಮಾಡಿದಳು. ಬಾಗಿಲ ಕಡೆ ಹೋಗದೆ ಕಿಟಕಿಯಲ್ಲಿ ಕೈ ತೂರಿಸಿ ಚೀಲವನ್ನು ಸೀಟಿನ ಮೇಲಿಟ್ಟಳು. ಸೀಟು ಅವಳದಾಯಿತು, ಅವಳ ಊರಿನಲ್ಲಿ ಇದಕ್ಕೆ ಎದುರುಮಾತಿಲ್ಲ. ಇಲ್ಲಿಯೂ ಕರ್ಚೀಫು ಹಾಕುತ್ತಾರೆ, ಚೀಲ ಇಡುವುದಿಲ್ಲ. ಹಿಂದೊಮ್ಮೆ ಬಾಂಬು ಸಿಡಿದ ರಸ್ತೆ ಇದು. ವಾರಸುದಾರರಿಲ್ಲದ ಚೀಲ ಕಂಡರೆ ಮಾತಾಡುತ್ತಿದ್ದವರೂ ಮಾತು ನಿಲ್ಲಿಸುತ್ತಾರೆ.

ನಾನು ತಡೆಯುವಷ್ಟರಲ್ಲಿ ಬಸ್ಸು ಸರಿದು, ಸ್ಟಾಪು ದಾಟಿ ಎಷ್ಟೋ ಮುಂದೆ ನಿಂತಿತು. ನಾವು ಗದ್ದಲದಲ್ಲಿ ನುಗ್ಗಿ ಮುಟ್ಟಿದಾಗ ಹತ್ತಿದವರೆಲ್ಲ ಇಳಿಯುತ್ತಿದ್ದರು. ಕಾಲೇಜು ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟೇ ಓಡಿದಳು. ಒಬ್ಬ ಆ ಚಪ್ಪಲಿಯನ್ನು ದಾಟಿ ಒಳಗೆ ಹೋಗಿ ಚೀಲದ ವಿಡಿಯೋ ತೆಗೆದ. ಮಿರ್ಚಿ ಬಜ್ಜಿಯವನು ಒಲೆ ಆರಿಸಿದ. ಬಜ್ಜಿ ಕೊಂಡವರು ತಿನ್ನುತ್ತಲೇ ನೋಡುತ್ತಿದ್ದರು. ಕಂಡಕ್ಟರಮ್ಮ ಮೆಟ್ಟಿಲ ಮೇಲೆ ನಿಂತು, ಯಾರದು ಚೀಲ ಎಂದು ತೆಲುಗಿನಲ್ಲಿ ಕೂಗುತ್ತಿದ್ದಳು. ಹೆಲ್ಮೆಟ್ ಹಾಕಿಕೊಂಡೇ ಇದ್ದ ಒಬ್ಬ ಎಲ್ಲಿಂದಲೋ ಉದ್ದನೆಯ ಕೋಲು ತಂದಿದ್ದ. ಚೀಲವನ್ನು ಕಿಟಕಿಯಿಂದ ಹೊರಗೆ ಬೀಳಿಸೋಣ ಎನ್ನುತ್ತಿದ್ದ.

ಈ ಹೆಲ್ಮೆಟ್ಟಿನವನ ಬಗ್ಗೆ ನನಗೆ ಅನುಮಾನವಿದೆ. ನೆನಪು ಅವನನ್ನು ತೀರ ಸರಿಯಾದ ಜಾಗದಲ್ಲಿ ನಿಲ್ಲಿಸಿದೆ. ಹೆಲ್ಮೆಟ್ ಇರಲಿಲ್ಲ ಎನ್ನುತ್ತಾಳೆ ಮೌಶಿ. ಕೋಲು ಇತ್ತು ಎನ್ನುತ್ತಾಳೆ.

ಕೋಲು ಕಂಡದ್ದೇ ಅವಳು, ಚೀಲ ನಂದು ಎಂದು ತನ್ನ ಕಲಬುರಗಿ ಹಿಂದಿಯಲ್ಲಿ ಕೂಗಿದಳು. ಜನ ಹಗುರಾಗುತ್ತಾರೆ ಎಂದುಕೊಂಡೆ. ಅವರು ಅವಳ ಸುತ್ತ ಜಾಗ ಬಿಟ್ಟರು. ಅವಳದಾದರೆ ಇಷ್ಟು ಹೊತ್ತು ಎಲ್ಲಿದ್ದಳು? ಜೊತೆಗಿರುವ ಇವನ್ಯಾರು? ಚೀಲದ ಮೇಲಿದ್ದ ಕಣ್ಣುಗಳು ಅವಳ ಮೇಲೆ ಬಂದವು, ಆಮೇಲೆ ನನ್ನ ಮೇಲೆ.

"ಖೋಲ್ ಕೆ ದಿಖಾವ್ ಅಮ್ಮಾ," ಎಂದ ಕೋಲಿನವನು. ಬಿಚ್ಚಿ ತೋರಿಸು.

ಮೌಶಿ ಚೀಲ ಇಳಿಸಿ ತಂದು ಒಂದೊಂದೇ ತೆಗೆದಳು. ಸೀರೆ, ಸಜ್ಜಿ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿಯ ಡಬ್ಬಿ. ಕೊನೆಗೆ ಗಂಟು. ಅದನ್ನೂ ಬಿಚ್ಚು ಎಂದರು. ಅವಳ ಹಿಂದಿ ಅಲ್ಲಿಗೆ ಮುಗಿಯಿತು.

"ಇದನ್ನ ಬಿಚ್ಚಾಂಗಿಲ್ರಿ. ನನ್ನ ಮಗಳ ಉಡಿದ ಐತಿ."

ನಾನು ತೆಲುಗಿನಲ್ಲಿ ವಿವರಿಸಿದೆ: ಸೀಮಂತ, ಬಳೆ, ಪದ್ಧತಿ. ನನ್ನ ತೆಲುಗು ಚೆನ್ನಾಗಿದೆ, ಅದೇ ಕೆಲಸ ಕೆಡಿಸಿತು. ಅವಳದೊಂದು ಭಾಷೆ, ಇವನದೊಂದು, ಎಂದರು. ಯಾರೋ ಪೊಲೀಸರಿಗೆ ಫೋನು ಹಚ್ಚುವ ಮಾತೆತ್ತಿದರು. ಆಗ ಕಂಡಕ್ಟರಮ್ಮ ಇಳಿದು ಬಂದು ಗಂಟನ್ನು ಅಲುಗಿಸಿ ಕಿವಿಗೊಟ್ಟಳು.

"ಎನ್ನೋ ನೆಲ?" ಎಂದಳು. ಎಷ್ಟನೇ ತಿಂಗಳು ಎಂದು.

ಮೌಶಿ ಏಳು ಬೆರಳು ತೋರಿಸಿದಳು. ಬಳೆಯೇ ಎಂದು ಕಂಡಕ್ಟರಮ್ಮ ಎಲ್ಲರಿಗೂ ಹೇಳಿದಳು. ಸದ್ದಿನಿಂದ ಏನು ಗೊತ್ತಾಗುತ್ತದೆ ಎಂದ ಕೋಲಿನವನು. ಕೆಲವರು ತಲೆದೂಗಿದರು.

ಮೌಶಿ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ, ಗಂಟನ್ನು ಮಾತ್ರ ತನ್ನ ಉಡಿಗೆ ಹಾಕಿಕೊಂಡು, ಖಾಲಿ ಬಸ್ಸು ಹತ್ತಿ ತಾನು ಹಿಡಿದಿದ್ದ ಸೀಟಿನಲ್ಲೇ ಕುಳಿತಳು.

"ಸಿಡಿದ್ರ ನನ್ನ ಉಡ್ಯಾಗ ಸಿಡೀಲಿ," ಎಂದಳು ಕಿಟಕಿಯಿಂದ. "ಬರೋರು ಬರ್ರಿ."

ಭಾಷೆ ಯಾರಿಗೆ ತಿಳಿಯಿತೋ. ಕಂಡಕ್ಟರಮ್ಮ ಹತ್ತಿದಳು. ವಿಡಿಯೋದವನು ಹತ್ತಿ ಕಟ್ಟಕಡೆಯ ಸೀಟಿಗೆ ಹೋದ. ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಮುಂದಿನ ಬಸ್ಸಿಗೆ ನಿಂತಳು. ಉಪ್ಪಲ್‌ವರೆಗೆ ಹೆಲ್ಮೆಟ್ಟಿನವನೊಬ್ಬ ಬೈಕಿನಲ್ಲಿ ಹಿಂದೆ ಬಂದ. ಬೇರೆ ಯಾರೋ ಇರಬಹುದು. ಬಸ್ಸು ತುಂಬಿದರೂ ಮೌಶಿಯ ಪಕ್ಕದ ಸೀಟು ಖಾಲಿಯೇ ಉಳಿಯಿತು. ನಾನು ಹಿಂದೆ ನಿಂತಿದ್ದೆ. ಅದು ಹೆಂಗಸರ ಸೀಟು ಎಂಬುದು ಕಾರಣ, ಅಥವಾ ನಾನು ಈಗ ಕೊಡುವ ಕಾರಣ.

ನಾಚಾರಂನಲ್ಲಿ ಮಗಳನ್ನು ಮಣೆಯ ಮೇಲೆ ಕೂಡಿಸಿದ್ದರು. ಮೌಶಿ ಗಂಟನ್ನು ಅವಳ ಉಡಿಯಲ್ಲಿಟ್ಟು, ಮೇಲೆ ತನ್ನ ಸೆರಗು ಮುಚ್ಚಿ, ಸೆರಗಿನೊಳಗೇ ಬಿಚ್ಚಿದಳು. ಹಾಗೆ ಮುಚ್ಚಿ ಬಿಚ್ಚುವುದನ್ನು ನಾನೆಂದೂ ಕಂಡಿರಲಿಲ್ಲ.

"ಎಲ್ಲಾ ನೆಟ್ಟಗ ಅದಾವೇನಬೇ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ನೆಟ್ಟಗ ಅದಾವ. ಕೈ ಕೊಡು."

ಒಂದೊಂದೇ ಬಳೆ ಏರಿಸಿದಳು. ಮಗಳ ಮುಖ ಸಡಿಲವಾಯಿತು. ನಾನು ಮೌಶಿಯ ಎಡಗೈ ನೋಡುತ್ತಿದ್ದೆ. ಹೆಬ್ಬೆರಳು ಮತ್ತು ತೋರುಬೆರಳಷ್ಟೇ ಕೆಲಸ ಮಾಡುತ್ತಿದ್ದವು, ಉಳಿದವು ಏನನ್ನೋ ಹಿಡಿದಂತೆ ಅಂಗೈಗೆ ಒತ್ತಿ ಮಡಿಚಿದ್ದವು. ಬಿಚ್ಚಿ ತೋರಿಸು ಎಂಬ ಮಾತು ನನ್ನ ಗಂಟಲವರೆಗೆ ಬಂತು.

ಆರತಿಗೆ ಕರೆದರು. ತುಂಬಿದ ಹಿತ್ತಾಳೆ ತಟ್ಟೆ, ಭಾರದ್ದು. ಮೌಶಿ ಅದನ್ನು ಬಲಗೈ ಒಂದರಲ್ಲೇ ಎತ್ತಿ ಬೆಳಗಿದಳು.