ಒತ್ತಡ ಇಳಿಯುತ್ತಿದ್ದ ಬೆಳಿಗ್ಗೆ

ಅವಳು ಬಂದರಿನ ಹವಾಮಾನ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ವೀಕ್ಷಕಿ. ಮೂರು ಗಂಟೆಗೊಮ್ಮೆ ಗಾಳಿಯ ಒತ್ತಡ ನೋಡಿ ಬರೆದಿಡುವುದು ಕೆಲಸ. ಕೂತಲ್ಲಿ ಕೂರುವ ಜಾಯಮಾನವಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಣ್ಣ ಆಡಿಕೊಳ್ಳುತ್ತಿದ್ದ. ಆ ಅಣ್ಣ ಮೀನುಗಾರಿಕೆ ದೋಣಿಯೊಂದರ ಮೆಕ್ಯಾನಿಕ್. ಕಡಲಿಗೆ ಹೋಗಿ ನಾಲ್ಕು ದಿನವಾಗಿತ್ತು. ಎರಡು ದಿನದಿಂದ ವೈರ್‌ಲೆಸ್‌ಗೆ ಉತ್ತರವಿರಲಿಲ್ಲ. ಬೆಳಿಗ್ಗೆ ಆರಕ್ಕೆ ನೋಡಿದರೆ ಒತ್ತಡ ಇನ್ನೂ ಇಳಿದಿತ್ತು; ಕಡಲಲ್ಲಿ ಎದ್ದ ಚಂಡಮಾರುತ ಹತ್ತಿರವಾಗುತ್ತಿತ್ತು.

ಅಣ್ಣನ ಮಗಳ ಆರನೇ ತರಗತಿಗೆ ಚಂಡಮಾರುತದ ಪಾಠ ಹೇಳುತ್ತೇನೆಂದು ಅವಳು ಒಪ್ಪಿಕೊಂಡಿದ್ದು ಅದೇ ದಿನಕ್ಕೆ. ಬರಲಾಗುವುದಿಲ್ಲ ಎನ್ನಲು ಎರಡು ಸಲ ಫೋನ್ ಎತ್ತಿ ಇಟ್ಟಳು. ಕೊನೆಗೆ ಹೋದಳು.

ಬೋರ್ಡಿನ ಮುಂದೆ ಅತ್ತಿಂದಿತ್ತ ಓಡಾಡುತ್ತಲೇ ಶುರುಮಾಡಿದಳು. “ಮೊದಲು ಕಡಲ ನೀರು ಬೆಚ್ಚಗಾಗಬೇಕು. ಸುಮಾರು ಇಪ್ಪತ್ತೇಳು ಡಿಗ್ರಿ, ಅದೂ ಸಾಕಷ್ಟು ಆಳದವರೆಗೆ. ಆಗ ಆವಿ ತುಂಬಿದ ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ. ಕೆಳಗೆ ಒತ್ತಡ ಇಳಿಯುತ್ತೆ. ಸುತ್ತಲಿನ ಗಾಳಿ ಸುಮ್ನಿರುತ್ತಾ? ಆ ಜಾಗಕ್ಕೆ ನುಗ್ಗುತ್ತೆ.”

“ತಿರುಗೋದು ಯಾಕೆ ಮೇಡಂ?” ಮುಂದಿನ ಬೆಂಚಿನವಳು ಕೇಳಿದಳು.

“ಭೂಮಿ ತಿರುಗ್ತಾ ಇದೆಯಲ್ಲ, ಅದಕ್ಕೆ ನುಗ್ಗೋ ಗಾಳಿ ಪಕ್ಕಕ್ಕೆ ವಾಲುತ್ತೆ, ಸುತ್ತೋಕೆ ಶುರುವಾಗುತ್ತೆ. ಮೇಲೆ ಆವಿ ಮೋಡ ಆಗುವಾಗ ಶಾಖ ಬಿಡುತ್ತೆ. ಆ ಶಾಖವೇ ಅದಕ್ಕೆ ಊಟ. ತಿಂದಷ್ಟೂ ಬೆಳೆಯುತ್ತೆ. ನಟ್ಟನಡುವೆ ಕಣ್ಣು, ಅಲ್ಲಿ ಮಾತ್ರ ಗಾಳಿ ಶಾಂತ.”

ಅಣ್ಣನ ಮಗಳು ಎದ್ದು ನಿಂತಳು. “ಅತ್ತೆ, ಅಪ್ಪ ಇರೋ ಕಡೆ ನೀರು ಎಷ್ಟು ಬಿಸಿ ಇದೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಪ್ಪತ್ತೊಂಬತ್ತು, ಪುಟ್ಟಿ.”

“ಹಾಗಾದ್ರೆ ಅದು ಅಡಗೋದು ಯಾವಾಗ?”

“ನೆಲಕ್ಕೆ ಬಂದಾಗ, ಇಲ್ಲ ತಣ್ಣಗಿರೋ ನೀರಿನ ಮೇಲೆ ಹೋದಾಗ. ಊಟ ಸಿಗದೆ ಸೊರಗುತ್ತೆ. ಎಲ್ಲ ದೋಣಿಗೂ ಎಚ್ಚರಿಕೆ ಕಳಿಸಿದ್ದೀವಿ. ಅಪ್ಪನಿಗೆ ಮುಟ್ಟಿತೋ ಇಲ್ವೋ, ನನಗೂ ಗೊತ್ತಿಲ್ಲ.”

ಹುಡುಗಿ ಅಳಲಿಲ್ಲ. ಪಾಠ ಮುಗಿದ ಮೇಲೆ ಅತ್ತೆಯ ಜೊತೆಗೇ ಕಚೇರಿಗೆ ಹೊರಟಳು. ಒತ್ತಡಮಾಪಕದ ಮುಳ್ಳು ನೋಡುವುದು, ಕಿಟಕಿಗೆ ಹೋಗುವುದು, ಮತ್ತೆ ಮುಳ್ಳು ನೋಡುವುದು. ಸಂಜೆ ಹೊತ್ತಿಗೆ ಚಂಡಮಾರುತ ದಿಕ್ಕು ಬದಲಿಸಿ ದೂರದ ಜನವಸತಿಯಿಲ್ಲದ ದಡದತ್ತ ಹೊರಳಿತು.

ಮೂರನೇ ದಿನ ಅಣ್ಣನ ಫೋನ್ ಬಂತು. ವೈರ್‌ಲೆಸ್ ಕೆಟ್ಟಿತ್ತು, ಮೋಡದ ರೀತಿ ನೋಡಿ ದೋಣಿಯವರು ದ್ವೀಪವೊಂದರ ಮರೆ ಸೇರಿದ್ದರು. ಮಗಳು ಫೋನ್ ಕಿತ್ತುಕೊಂಡು ಅಪ್ಪನಿಗೆ ಸರಿಯಾಗಿ ಬೈದಳು.

ಎರಡು ವಾರಕ್ಕೆ ದೋಣಿ ಮತ್ತೆ ಕಡಲಿಗಿಳಿಯಿತು. ಹೊಸ ವೈರ್‌ಲೆಸ್ ಇತ್ತು. ಆದರೂ ಶಾಲೆ ಬಿಟ್ಟೊಡನೆ ಹುಡುಗಿ ಕಚೇರಿಯ ಬಾಗಿಲಿಗೆ ಬಂದು ಕೇಳಿದಳು, “ಒತ್ತಡ ಎಷ್ಟಿದೆ ಅತ್ತೆ?”