ಪಂಚಮಿಗೆ ನಾಲ್ಕು ಟೈರು

ಸೀರೆ ಅಂಗಡಿಗೆ ಹೋದರೆ ಗಾದಿಯ ಮೇಲೆ ಕೂರಿಸುತ್ತಾರೆ. ಬಂಗಾರದ ಅಂಗಡಿಯಲ್ಲಿ ಫ್ಯಾನನ್ನು ನಮ್ಮ ಕಡೆ ತಿರುಗಿಸಿ ಚಹಾ ತರಿಸುತ್ತಾರೆ. ಟೈರಿನ ಅಂಗಡಿಗೆ ಬಂದ ಹೆಂಗಸು ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಈ ಲೋಕದಲ್ಲಿ ಯಾರೂ ಯೋಚಿಸಿದಂತಿಲ್ಲ. ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಂಥದೊಂದು ಅಂಗಡಿಯಿತ್ತು. ಅಲ್ಲಿ ನಾನು ಒಂದು ಇಡೀ ಮುಂಜಾನೆ ಟ್ರ್ಯಾಕ್ಟರಿನ ಟೈರಿನ ಮೇಲೆ ಕೂತು ಕಳೆದಿದ್ದೇನೆ. ಆರಾಮ ಎಂದರೆ ಅದು ನೋಡಿ, ಯಾವ ಗಾದಿಯೂ ಅದರ ಮುಂದೆ ಇಲ್ಲ. ಸೀರೆಗೆ ಹತ್ತಿದ ಕರಿ ಇವತ್ತಿಗೂ ಹೋಗಿಲ್ಲ. ತೆಗೆಯಲು ನಾನೂ ಅಂಥ ಪ್ರಯತ್ನವೇನೂ ಮಾಡಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಜೋಯಿಡಾದಿಂದ ಒಳಗೆ, ಡಾಂಬರು ಮುಗಿದ ಮೇಲೂ ಬಹಳ ದೂರ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ನಮ್ಮ ಕಿರಾಣಿ ಅಂಗಡಿ. ದಾಂಡೇಲಿಯಿಂದ ಸಾಮಾನು ತರಲಿಕ್ಕೆ ಒಂದು ಪಿಕಪ್. ಓಡಿಸುವವಳು ನಾನು. ನನ್ನ ಗಂಡ ದತ್ತಾರಾಮ ಬಂಗಾರದಂಥ ಮನುಷ್ಯ. ಅಡಿಗೆ ನನಗಿಂತ ಚೆನ್ನಾಗಿ ಮಾಡುತ್ತಾನೆ, ತಕ್ಕಡಿ ಹಿಡಿದರೆ ಒಂದು ಕಾಳೂ ಅತ್ತಿತ್ತ ಆಗದು. ಆದರೆ ಗಾಡಿ ಹತ್ತಿದರೆ ಸಾಕು, ಎರಡು ತಿರುವು ದಾಟುವುದರೊಳಗೆ ಹೊಟ್ಟೆ ತೊಳಸಿ ಮೂಗಿಗೆ ನಿಂಬೆಹಣ್ಣು ಹಿಡಿಯುತ್ತಾನೆ. ನಾನಾದರೋ ಮುಂಡಗೋಡದ ಕಡೆಯವಳು, ಟಿಬೆಟನ್ ಕಾಲೊನಿಯ ಬದಿಯ ಗೋವಿನಜೋಳದ ಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದು ಬೆಳೆದವಳು. ಗಂಡನ ಹೆಸರನ್ನು ಹೀಗೆ ಬಾಯಿಬಿಟ್ಟು ಹೇಳಬಾರದು ಎನ್ನುವವರಿದ್ದಾರೆ. ದತ್ತಾರಾಮ, ದತ್ತಾರಾಮ, ದತ್ತಾರಾಮ. ಏನಾಯಿತು ಈಗ?

ತವರಿನವರಿಗೆ ಸೇರದಿದ್ದದ್ದೂ ಆ ಹೆಸರೇ. ನಮ್ಮದು ಲಿಂಗ ಕಟ್ಟುವ ಮನೆ, ಅವನದು ಕೊಂಕಣಿ ಮಾತಾಡುವ, ಮೀನು ತಿನ್ನುವ ಮನೆ. ನಾನು ಒಪ್ಪಿ ಮಾಡಿಕೊಂಡ ಮದುವೆ. ಅಪ್ಪ ಆಗಲೇ ಇರಲಿಲ್ಲ. ಅಣ್ಣ ಈರಪ್ಪ ಬಡಿದಾಡಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ನಮ್ಮ ಮನೆ ಕಡೆ ಬರಲೇ ಇಲ್ಲ. ಬಡಿದಾಟವಾದರೆ ಒಂದು ದಿನ ರಾಜಿಯಾದೀತು. ಸುಮ್ಮನಿರುವವನ ಜೊತೆ ರಾಜಿ ಮಾಡಿಕೊಳ್ಳುವುದು ಹೇಗೆಂದು ನನಗೆ ಬಹಳ ದಿನ ತಿಳಿಯಲೇ ಇಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಬೇಕೆಂದರೆ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೋಗುವಂತಿಲ್ಲ. ಹೋದರೆ ಹೋದವಳ ಮರ್ಯಾದೆಯೂ ಹೋಯಿತು, ತವರಿನದೂ ಹೋಯಿತು. ನನ್ನ ಪಾಲಿಗೆ ಪಂಚಮಿ ಎಂದರೆ ಅವ್ವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದ ಉಂಡಿಯ ಡಬ್ಬಿ, ಅದರ ಜೊತೆ ಅಣ್ಣನ ಮಾತು: "ರಸ್ತಾ ಭಾಳ ಸುಮಾರೈತಂತ. ಮುಂದಿನ ವರ್ಷ ನೋಡೂಣು." ಶೇಂಗಾ ಉಂಡಿ, ಎಳ್ಳುಂಡಿ, ಎಲ್ಲ ಇರುತ್ತಿದ್ದವು. ತಿನ್ನುತ್ತಿದ್ದೆ, ಅಳುತ್ತಲೂ ಇದ್ದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಎಳ್ಳು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅನುಭವದ ಮಾತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ಸರಿ. ಆದರೆ ನಮ್ಮ ದಾರಿಯಲ್ಲಿ ನೆಲ ನಿಜವಾಗಿಯೂ ಡೊಂಕು! ಜೂನಿನಲ್ಲಿ ಮಿರಗದ ಮಳೆ ಬಿತ್ತೆಂದರೆ ಕೆಂಪು ಮಣ್ಣು ಬೆಣ್ಣೆಯಾಗುತ್ತಿತ್ತು, ನಡುವೆ ಒಂದು ಹಳ್ಳ ಬೇರೆ. ಊರಿನ ವಾಹನಗಳೆಲ್ಲ ತಾಡಪತ್ರಿ ಹೊದ್ದು ಚೌತಿಯ ತನಕ ಮಲಗುತ್ತಿದ್ದವು. ನಮ್ಮ ಪಿಕಪ್ಪಿನ ಅಡಿಯಲ್ಲಿ ವರ್ಷವೂ ಒಂದು ನಾಯಿ ಬಾಣಂತನ ಮುಗಿಸಿಕೊಂಡು ಹೋಗುತ್ತಿತ್ತು. ಅಣ್ಣನ ನೆಪದ ಚೆಂದವೇ ಅದು, ನೆಪ ನಿಜವಾಗಿತ್ತು. ಸುಳ್ಳು ನೆಪವನ್ನು ಮಾತಿನಿಂದ ಮುರಿಯಬಹುದು. ನಿಜವಾದ ನೆಪ ಮುರಿಯಲು ಟೈರು ಬೇಕು. ಇದು ಹೊಳೆದ ದಿನವೇ, ಇನ್ನೂ ಮಳೆ ಹಿಡಿಯುವ ಮುಂಚೆ, ನಾನು ಹಳೆಯ ಟೈರು ಬಿಚ್ಚಿಸಲು ಹಳಿಯಾಳಕ್ಕೆ ಹೋದದ್ದು.

ಅಂಗಡಿಯ ಮಕ್ತುಮ್ ಸಾಬರು ನನ್ನನ್ನು ನೋಡಿ ರಸ್ತೆಯ ಕಡೆ ಇಣುಕಿದರು. "ಮಾಲಕರು ಬರ್ಲಿ ಅಕ್ಕಾರ, ಆಮ್ಯಾಲ ತೋರಸ್ತೇನಿ."

"ಮಾಲಕರು ಬಂದು ಆಗಲೇ ಕುಂತಾರ್ರಿ. ತೋರಸ್ರಿ."

ಅವರಿಗೆ ನಂಬಿಕೆ ಬರಲಿಲ್ಲ. ಹೊರಗೆ ಸೋಡಾ ಕುಡಿಯುತ್ತ ಹೊಟ್ಟೆ ಸರಿಮಾಡಿಕೊಳ್ಳುತ್ತಿದ್ದ ದತ್ತಾರಾಮನನ್ನು ಹೋಗಿ ಕೇಳಿದರು. "ಅಕಿ ಯಾವುದು ಅಂತಾಳ, ಅದನ್ನ ಹಾಕ್ರಿ," ಎಂದ ಅವನು. ಮದುವೆಯಲ್ಲಿ ಭಟ್ಟರು ಹೇಳಿಸಿದ ಮಾತುಗಳೆಲ್ಲ ಮರೆತುಹೋಗಿವೆ, ಇದೊಂದು ನನಗೆ ನೆನಪಿದೆ.

ಟೈರಿನಲ್ಲಿ ಮುಖ್ಯವಾಗಿ ಮೂರು ಜಾತಿ ಎಂದು ಅಂದು ತಿಳಿಯಿತು. ಮೊದಲನೆಯದರ ಮೈಮೇಲೆ ವಿಭೂತಿ ಎಳೆದಂತೆ ನೆಟ್ಟಗಿನ ಗೆರೆಗಳು. ಡಾಂಬರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಬಹಳ ದಿನ ಬಾಳುತ್ತದೆ, ಸಂಭಾವಿತ ಟೈರು. ಕೆಸರು ಕಂಡರೆ ಕೈಕಟ್ಟಿ ನಿಲ್ಲುತ್ತದೆ. ಎರಡನೆಯದು ದೊಡ್ಡ ದೊಡ್ಡ ಹಲ್ಲಿನ ಕೆಸರಿನ ಟೈರು. ಎಂಥ ರಾಡಿಯಲ್ಲೂ ಹೊಕ್ಕು ಬರುತ್ತದೆ, ಡಾಂಬರಿಗೆ ಬಂದರೆ ಮಾತ್ರ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತದೆ, ಬೇಗ ಸವೆಯುತ್ತದೆ. ಮೂರನೆಯದು ಇವೆರಡರ ನಡುವಿನದು. ಹಲ್ಲಿದೆ, ಆದರೆ ಅಳತೆಯಲ್ಲಿದೆ. ಚೀಟಿಯ ಮೇಲೆ ಆಲ್ ಟೆರೇನ್ ಎಂದು ಬರೆದಿತ್ತು. ಎಲ್ಲ ನೆಲಕ್ಕೂ ಆಗುವುದು ಎಂದು ಸಾಬರು ಅರ್ಥ ಹೇಳಿದರು. ಹೇಳಿ, ಅದು ಬೇಡವೆಂದೂ ಹೇಳಿದರು.

"ಇದು ರೋಡಿನ ಮ್ಯಾಲ ಗುಂಯ್ ಅಂತೈತ್ರಿ. ಡೀಸೆಲ್ ಜಾಸ್ತಿ ಕುಡೀತೈತಿ. ಮಳಿಗಾಲದಾಗ ಆ ಕಡೆ ಯಾರ ಹೋಗ್ತಾರ್ರೀ?"

"ನಾ ಹೋಗ್ತೇನ್ರಿ."

ಅಷ್ಟರಲ್ಲಿ ಉಪದೇಶಕ್ಕೆ ಜನ ಸೇರಿದ್ದರು. ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಡ್ರೈವರನೊಬ್ಬ ನೆಟ್ಟಗೆರೆಯ ಟೈರೇ ಲೇಸು ಎಂದ. ಪಕ್ಕದಂಗಡಿಯ ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದ. ಗಾಡಿಗೂ ತನಗೂ ಸಂಬಂಧವೇ ಇಲ್ಲದ ಒಬ್ಬ ಹಿರಿಯರು, ಹೆಣ್ಣುಮಗಳಿಗೆ ಯಾಕ ಬೇಕು ಈ ಉಸಾಬರಿ ಎಂದು ನಿಟ್ಟುಸಿರುಬಿಟ್ಟರು. ನನಗೆ ವರ ಹುಡುಕುತ್ತಿದ್ದಾಗಲೂ ಇಷ್ಟು ಜನ ಇಷ್ಟು ಕಾಳಜಿಯಿಂದ ಮಾತಾಡಿರಲಿಲ್ಲ. ಹೆಂಗಸು ಸೀರೆ ಆರಿಸುವಾಗ ಬೇಸರದಿಂದ ಆಕಳಿಸುವ ಗಂಡಸರಿಗೆ ಅವಳು ಟೈರು ಆರಿಸುವಾಗ ಎಲ್ಲಿಲ್ಲದ ಹುರುಪು. ನಾನು ಟ್ರ್ಯಾಕ್ಟರಿನ ಟೈರಿನ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತೆ.

ನೆಲಕ್ಕೆ ತಕ್ಕ ಕಾಲು ಎಂಬುದು ಹೊಸ ವಿಚಾರವೇನಲ್ಲ. ಎಮ್ಮೆಯ, ಎತ್ತಿನ ಗೊರಸನ್ನು ನೋಡಿ. ಎರಡು ಹೋಳು. ಕೆಸರಿಗೆ ಇಟ್ಟಾಗ ಅಗಲವಾಗುತ್ತದೆ, ಎತ್ತುವಾಗ ಕೂಡಿಕೊಳ್ಳುತ್ತದೆ. ಕುದುರೆಯದು ಇಡೀ ಗೊರಸು. ಒಣ ನೆಲದಲ್ಲಿ ಟಪಟಪನೆ ಓಡುವುದೇನೋ ಚೆಂದ, ರಾಡಿಯಲ್ಲಿ ಹೂತರೆ ಕೀಳುವುದು ಕಷ್ಟ. ಅದಕ್ಕೇ ನೋಡಿ, ರಾಜರೆಲ್ಲ ಕುದುರೆ ಹತ್ತಿದರು, ಗುಡ್ಡದ ಮೇಲೆ ಸಂಸಾರ ಹೂಡಿದ ನಮ್ಮ ಶಿವ ಮಾತ್ರ ಎತ್ತನ್ನೇ ಆರಿಸಿಕೊಂಡ. ಅವನಿಗೂ ಯಾರಾದರೂ ಉಪದೇಶ ಮಾಡಿರಬೇಕು, ಇದು ನಿಧಾನ, ಸದ್ದು ಮಾಡುತ್ತದೆ, ಮೇವು ಜಾಸ್ತಿ ತಿನ್ನುತ್ತದೆ ಎಂದು. ಕೇಳಲಿಲ್ಲ. ಮೈಲಾರಲಿಂಗ ಕುದುರೆ ಹತ್ತಿದ್ದಾನಲ್ಲ ಎಂದು ನೀವು ಅಡ್ಡ ಬರಬೇಡಿ, ಅವನು ಬಯಲುಸೀಮೆಯವನು.

ಇನ್ನು ನನ್ನ ದಾರಿಯ ಲೆಕ್ಕ ಹಾಕಿದೆ. ಮನೆಯಿಂದ ಹೊರಟರೆ ಮೊದಲು ಜೋಯಿಡಾದ ಕೆಂಪು ಜಾರು, ಸೂಪಾ ಹಿನ್ನೀರಿನ ಬದಿಯ ತಿರುವು, ದಾಂಡೇಲಿಯ ಡಾಂಬರು, ಹಳಿಯಾಳದಲ್ಲಿ ಕಬ್ಬಿನ ಗಾಡಿಗಳು ತೋಡಿದ ಗುಂಡಿಗಳು, ಕೊನೆಗೆ ತವರೂರಿನ ಹೊಲದ ಅಂಟುಮಣ್ಣು. ನೆಲ ಬದಲಾದಾಗೆಲ್ಲ ಇಳಿದು ಟೈರು ಬದಲಿಸಲಾದೀತೇ? ಹೆಣ್ಣುಮಕ್ಕಳಿಗೆ ಆ ಸೌಲಭ್ಯ ಯಾವತ್ತೂ ಇದ್ದಿಲ್ಲ. ಹುಟ್ಟಿದ ಮನೆಯಲ್ಲಿ ರೊಟ್ಟಿ ಬಡಿದ ಕೈಯಲ್ಲೇ ಸೇರಿದ ಮನೆಯಲ್ಲಿ ಮೀನಿನ ಹುರುಪೆ ತೆಗೆಯಬೇಕು. "ಯಾಕ, ಹೆಂಗ" ಎನ್ನುತ್ತಿದ್ದ ನಾಲಿಗೆಯೇ ಕೊಂಕಣಿಗೆ ಹೊರಳಬೇಕು. ಎಲ್ಲ ನೆಲಕ್ಕೂ ಒಗ್ಗುವುದಕ್ಕೆ ಸದ್ದು ಸ್ವಲ್ಪ ಜಾಸ್ತಿಯಾಗುತ್ತದೆ ಎಂದು ದೂರುವವರು ದೂರಲಿ. ಸದ್ದಿಲ್ಲದ ಟೈರು ಬೇಕಾದವರು ಡಾಂಬರಿನ ಮೇಲೇ ಇರಬೇಕು.

"ಆ ನಡುವಿನದನ್ನ ಹಾಕ್ರಿ, ನಾಲ್ಕೂ," ಎಂದೆ. ಸಾಬರು ಸೋತರು. ಸೋತರೂ ಒಳ್ಳೆಯವರು, ಟೈರು ಹಾಕಿದ ಮೇಲೆ ಪ್ರತಿ ಗಾಲಿಯ ಕೆಳಗೂ ತಾವೇ ನಿಂಬೆಹಣ್ಣು ಇಟ್ಟರು. ದತ್ತಾರಾಮ ಆ ಹಣ್ಣುಗಳನ್ನು ಆಸೆಯಿಂದ ನೋಡಿದ.

ರೊಟ್ಟಿ ಹಬ್ಬದ ಬೆಳಗ್ಗೆ, ಪಂಚಮಿ ಇನ್ನೂ ಎರಡು ದಿನ ಇದ್ದಾಗ, ನಾನು ಹೊರಟೆ. ಹಿಂದೆ ಭಾರವಿಲ್ಲದಿದ್ದರೆ ಪಿಕಪ್ಪಿನ ಹಿಂಗಾಲಿ ಕೆಸರಿನಲ್ಲಿ ಸುಮ್ಮನೆ ಗಿರಗಿರ ತಿರುಗುತ್ತದೆ. ದತ್ತಾರಾಮ ಉಸುಕಿನ ಚೀಲಗಳನ್ನು ಹೇರಿಕೊಟ್ಟ. ಅವ್ವನಿಗೆಂದು, ಸಾರಿನ ಹುಳಿಗೆ, ಮುರುಗಲ ಸಿಪ್ಪೆ ಕಟ್ಟಿಕೊಟ್ಟ. ನೀನೂ ಬಾ ಎಂದೆ. "ನನ್ನ ಯಾರ ಕರದಾರ? ನೀ ಹೋಗಿ ಬಾ," ಎಂದು ನಕ್ಕ. ಅವನ ನಗು ನೋಡಿ ನನಗೆ ಸಿಟ್ಟು ಬಂತು. ಅವನ ಮೇಲಲ್ಲ.

ಜಾರಿನಲ್ಲಿ ಗಾಡಿ ಒಮ್ಮೆ ಅಡ್ಡಡ್ಡ ಹೊರಳಿತು. ಆದರೆ ಹಲ್ಲುಗಳು ನೆಲ ಹಿಡಿದವು. ಹಳ್ಳದಲ್ಲಿ ನೀರು ಗಾಲಿಯ ಅರ್ಧಕ್ಕೆ ಬಂದಿತ್ತು. ಎರಡನೇ ಗೇರಿನಲ್ಲಿ, ಎಲ್ಲಿಯೂ ನಿಲ್ಲಿಸದೆ, ಶಿವಶಿವಾ ಎನ್ನುತ್ತ ದಾಟಿದೆ. ದಾಂಡೇಲಿಗೆ ಬಂದು ಡಾಂಬರು ಸಿಕ್ಕಾಗ ಟೈರು ಗುಂಯ್ ಎನ್ನತೊಡಗಿತು. ಸಾಬರು ಸುಳ್ಳು ಹೇಳಿರಲಿಲ್ಲ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ನಾನು ಅದರ ಶ್ರುತಿಗೆ ಪಂಚಮಿಯ ಹಾಡು ಹೇಳುತ್ತ ಹೋದೆ. ಅಣ್ಣ ಕರೆಯಲು ಬರುವ ಸಾಲು ಬಂದಾಗ ಬಿಟ್ಟು ಮುಂದಿನದನ್ನು ಹಾಡಿದೆ.

ಮಧ್ಯಾಹ್ನ ತವರ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಓಣಿಯ ಬಾಗಿಲುಗಳೆಲ್ಲ ತೆರೆದವು. ಹಿಂದಿನ ಚೀಲಗಳನ್ನು ನೋಡಿ ಎದುರುಮನೆಯಾಕೆ, "ತವರಿಗೆ ಏನ ತಂದೀಯವಾ ಇಷ್ಟ?" ಎಂದಳು. "ಉಸುಕು," ಎಂದೆ. ಅವ್ವ ಓಡಿಬಂದು ರೊಟ್ಟಿ ತುಂಡು ನಿವಾಳಿಸಿ ಎಸೆದು, ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅಳಬಾರದೆಂದು ನಿಶ್ಚಯ ಮಾಡಿಕೊಂಡಿದ್ದೆ. ಆಗಲಿಲ್ಲ.

ಅಣ್ಣ ಕಟ್ಟೆಯಿಂದ ಇಳಿದುಬಂದ. ನನ್ನ ಮುಖ ನೋಡಲಾರದೆ ಗಾಲಿಯ ಪಕ್ಕ ಕೂತು ಹಲ್ಲಿನ ಸಂದಿಗೆ ಬೆರಳು ಹಾಕಿ ಕೆಂಪು ಮಣ್ಣು ಕೆದರಿದ. ನಮ್ಮೂರಿನ ಮಣ್ಣು ಅಂಥ ಕೆಂಪಲ್ಲ, ಅದು ಎಲ್ಲಿಯದೆಂದು ಅವನಿಗೆ ಗೊತ್ತಾಗಿತ್ತು.

"ಹವಾ ಎಷ್ಟ ಹಾಕ್ಸೀದಿ?" ಎಂದ. ಮದುವೆಯಾದ ಮೇಲೆ ಅವನು ನನ್ನನ್ನು ನೇರವಾಗಿ ಕೇಳಿದ ಮೊದಲ ಮಾತು ಇದು.

"ಕೆಸರಿಗಂತ ಸ್ವಲ್ಪ ಇಳಿಸೇನಿ."

"ಹಳ್ಳ ದಾಟ್ತೈತೇನು?"

"ದಾಟೇ ಬಂದೇನಲ್ಲ."

ಅವನು ತಲೆಯಾಡಿಸಿದ. ಇಷ್ಟಕ್ಕೆ ಸಮಾಧಾನ ಮಾಡಿಕೊಂಡು ಒಳಗೆ ಹೋಗಿ ಉಂಡಿ ತಿನ್ನಬಹುದಿತ್ತು. ಕರೆಯದೆ ಬಂದವಳನ್ನು ಯಾರೂ ಹೊರಗೆ ನಿಲ್ಲಿಸಿರಲಿಲ್ಲ, ಅದೇ ದೊಡ್ಡದು ಎನ್ನುವವರು ಎನ್ನಲಿ. ನನಗೆ ಸಾಕಾಗಲಿಲ್ಲ. ಮಣ್ಣಾದ ಅವನ ಕೈಯನ್ನು ಹಿಡಿದು ಅದರಲ್ಲಿ ಗಾಡಿಯ ಕೀಲಿ ಇಟ್ಟೆ.

"ರಸ್ತಾದ ಚಿಂತಿ ಮುಗೀತು ಅಣ್ಣಾ. ಹಬ್ಬಕ್ಕ ಮನಿ ಅಳಿಯ ಇನ್ನೂ ಬಂದಿಲ್ಲ. ಹೋಗಿ ಕರಕೊಂಡು ಬಾ."

ಅವ್ವ ಕಣ್ಣೊರೆಸಿಕೊಂಡು, ಏನೂ ಆಗಿಲ್ಲವೆಂಬಂತೆ, "ದಾರಿಗೆ ನಾಕು ರೊಟ್ಟಿ ಕಟ್ಟಿಕೊಡ್ತೇನಿ ತಡಿಯೋ ಈರಪ್ಪಾ," ಎಂದು ಒಳಗೆ ಹೋದಳು. ಅಣ್ಣ ಕೀಲಿ ನೋಡುತ್ತ ನಿಂತ. ಆಮೇಲೆ ನನಗಷ್ಟೇ ಕೇಳುವಂತೆ ಕೇಳಿದ, "ಇಷ್ಟ ವರ್ಷ ಬಿಟ್ಟು ಈಗ ಹೋದ್ರ, ಅಂವ ಬರ್ತಾನೇನು?"

ಅವನಿಗೂ ಹೆದರಿಕೆಯಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಆದರೂ ನಾನು ಬಿಟ್ಟುಕೊಡಲಿಲ್ಲ.

"ಟೈರು ಬಾಗಲತನಕ ಒಯ್ತಾವು," ಎಂದೆ. "ಬಾ ಅನ್ನೂದನ್ನ ನೀನ ಅನಬೇಕು."

ಅವ್ವ ರೊಟ್ಟಿಯ ಗಂಟು ತಂದಳು. ಅಣ್ಣ ಅದನ್ನು ಪಕ್ಕದ ಸೀಟಿನ ಮೇಲಿಟ್ಟು ಗಾಡಿ ಹತ್ತಿದ.