ಗುಡ್ಡಕ್ಕೆ ಮರಳಿದ ಮಾಕಳಿ

ಮೊನ್ನೆ ಕಡೂರು ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಊಟದ ಡಬ್ಬಿ ತೆರೆದರು. ಮೊಸರನ್ನದ ಮೂಲೆಯಲ್ಲಿ ಎರಡು ತುಂಡು ಮಾಕಳಿ ಬೇರಿನ ಉಪ್ಪಿನಕಾಯಿ. ಆ ವಾಸನೆ ಕೆಲವರಿಗೆ ತಲೆನೋವು ತರುತ್ತದೆ. ನನಗೆ ಬೇರಿನಜ್ಜನ ನೆನಪು ತಂದುಬಿಟ್ಟಿತು... ನಾನು ಹತ್ತಬೇಕಿದ್ದ ಬಸ್ಸು ಹೊರಟದ್ದೂ ತಿಳಿಯಲಿಲ್ಲ.

ಬುಕ್ಕಾಂಬುಧಿ ಹತ್ತಿರದ ನಮ್ಮೂರಿಗೆ ನಾನು ಸೊಸೆಯಾಗಿ ಬಂದಾಗಿನಿಂದ ಅವರನ್ನು ಬಲ್ಲೆ. ಲಿಂಗದಹಳ್ಳಿ ಕಡೆಯವರು. ಗುಡ್ಡದಲ್ಲಿ ತಾನಾಗಿ ಬೆಳೆಯುವ ಮಾಕಳಿ ಬಳ್ಳಿಯ ಬೇರು ಅಗೆದು, ಗೋಣಿಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಊರೂರಿಗೆ ತಂದು ಮಾರುತ್ತಿದ್ದರು. ನಮ್ಮತ್ತೆಗೆ ಉಪ್ಪಿನಕಾಯಿಗೆ ಅವರು ತಂದ ಬೇರೇ ಆಗಬೇಕು.

ನಾದಿನಿಯ ಮದುವೆಗೆ ಒಂದು ಚೀಲ ಬೇರು ಹೇಳಿಟ್ಟಿದ್ದೆವು. ಅಜ್ಜ ಬಂದದ್ದು ಬರಿಗೈಯಲ್ಲಿ. ಆಗದಿದ್ದರೆ ಮೊದಲೇ ಹೇಳಬಾರದಿತ್ತೇ, ನಿಮ್ಮ ಮಾತು ನಂಬಿ ಕೆಟ್ಟೆವು ಎಂದು ಅತ್ತೆಯ ಎದುರೇ ಅಂದುಬಿಟ್ಟೆ. ಅವರು ಜಗಲಿ ಹತ್ತದೆ ಕೆಳಗೇ ನಿಂತರು.

"ಒಂದೇ ಒಂದು ದೊಡ್ಡ ಬಳ್ಳಿ ಉಳ್ದೈತೆ ಕಣವ್ವ. ಕಾಯಿ ಕಚ್ಚೈತೆ. ಕೀಳಾಕೆ ಕೈ ಬರ್ಲಿಲ್ಲ," ಎಂದರು. ಆಮೇಲೆ ನೆಲ ನೋಡುತ್ತಲೇ, "ಮೊದ್ಲು ತೋಳಿನ ಗಾತ್ರದ ಬೇರು ಸಿಗ್ತಿದ್ವು. ಈಗ ಬೆರಳಿನ ಗಾತ್ರ. ಯಾರ್ನ ಬೈಯಾದು? ನಾನೇ ಕಿತ್ತು ಕಿತ್ತು ಮುಗಿಸ್ಬಿಟ್ಟೆ."

ಮದುವೆ ಮಾವಿನಕಾಯಿ ಉಪ್ಪಿನಕಾಯಿಯಲ್ಲೇ ಆಯಿತು.

ಕೆಲವು ತಿಂಗಳ ಮೇಲೆ ಅಜ್ಜ ಮತ್ತೆ ಬಂದರು. ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ್ದ ಒಣಕಾಯಿಗಳು, ಎರಡೆರಡು ಕೊಂಬಿನ ಹಾಗೆ ಜೋಡಿಯಾಗಿದ್ದವು. ಮಾಕಳಿ ಕಾಯಿ ಒಡೆದರೆ ಹತ್ತಿಯಂಥ ಎಳೆಗಳ ಜೊತೆ ಬೀಜ ಗಾಳಿಗೆ ಹಾರಿಹೋಗುತ್ತದೆ. ಅದಕ್ಕೇ ಆ ಉಳಿದ ಬಳ್ಳಿಯಲ್ಲಿದ್ದಾಗಲೇ ಒಂದೊಂದು ಕಾಯಿಗೂ ಬಟ್ಟೆ ಸುತ್ತಿ, ದಿನ ಬಿಟ್ಟು ದಿನ ಗುಡ್ಡ ಹತ್ತಿ ನೋಡಿ ಬರುತ್ತಿದ್ದರಂತೆ. ನಮ್ಮ ಹೊಲದಂಚಿನ ಕಲ್ಲುಬದುವಿನಲ್ಲಿ ಬೀಜ ಹಾಕಲು ಜಾಗ ಕೇಳಿದರು. ಅವರಿಗೆ ಸ್ವಂತದ್ದೆಂದು ಒಂದು ಗುಂಟೆ ನೆಲವೂ ಇರಲಿಲ್ಲ.

ಕಾಡುಬಳ್ಳಿಯನ್ನು ಯಾರಾದರೂ ಬೆಳೆಯುತ್ತಾರೆಯೇ ಎಂದು ನಮ್ಮ ಯಜಮಾನರು ನಕ್ಕರು. ನಾನು, ಅಂದು ಆಡಿದ ಮಾತಿನ ಅಳುಕಿಗೋ ಏನೋ, ಒಪ್ಪಿಕೊಂಡೆ. ಮೊದಲ ವರ್ಷದ ಸಸಿಗಳನ್ನು ನೀರು ಹುಯ್ದು ಹುಯ್ದೇ ಕೊಳೆಸಿದೆ. ಅಜ್ಜ ಬಯ್ಯಲಿಲ್ಲ. ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಬಂಡೆ ಸಂದಿಯಲ್ಲಿ ಬದುಕುವ ಗಿಡ ಇದು, ಇಷ್ಟು ಮುದ್ದು ತಾಳುವುದಿಲ್ಲ ಎಂದರು. ಮರುವರ್ಷ ಮತ್ತೆ ಬೀಜ ತಂದರು. ಆ ಸಲ ಹದಿನೈದಿಪ್ಪತ್ತು ಬಳ್ಳಿ ಉಳಿದವು. ಮಾರಲು ಬೇರಿಲ್ಲದಿದ್ದರೂ, ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿ ಬಂದು ಎಲೆ ಮುಟ್ಟಿ ನೋಡಿ ಹೋಗುತ್ತಿದ್ದರು.

ಅವಕ್ಕೆ ನಾಲ್ಕು ವರ್ಷವಾದಾಗ, ಅಗೆಯುವ ದಿನ, ಹಾರೆಯನ್ನು ನನ್ನ ಕೈಗೇ ಕೊಟ್ಟರು. ಒಂದೇ ಮಗ್ಗುಲಿನಿಂದ ಅಗೆಸಿದರು. ಅರ್ಧದಷ್ಟು ಬೇರು ತೆಗೆದಿದ್ದೆ, ಅಷ್ಟರಲ್ಲಿ ಹಾರೆ ಹಿಡಿದು ನಿಲ್ಲಿಸಿದರು.

"ಸಾಕು ಕಣವ್ವ. ಮಿಕ್ಕಿದ್ದು ಅದ್ರದ್ದು."

ಗುಂಡಿಗೆ ತಾವೇ ಮಣ್ಣು ಎಳೆದು ಅಂಗೈಯಲ್ಲಿ ಒತ್ತಿದರು. ಬೇರಿನಲ್ಲಿ ಪಾಲು ಕೊಡಹೋದರೆ ಬೇಡವೆಂದರು. ನಮ್ಮ ಬಳ್ಳಿಯ ಕಾಯಿ ಮಾತ್ರ ಸಾಕಂತೆ. ಆ ಬೀಜದಿಂದ ಮನೆಯಂಗಳದಲ್ಲಿ ಸಸಿ ಎಬ್ಬಿಸಿ, ಮಳೆ ಬಿದ್ದ ಮೇಲೆ, ತಾವು ಹಿಂದೆ ಅಗೆದು ಬರಿದು ಮಾಡಿದ ಜಾಗಗಳಲ್ಲೆಲ್ಲ ನೆಟ್ಟು ಬಂದರು. ಮೂರು ಮಳೆಗಾಲ ಹಾಗೇ ಗುಡ್ಡ ಹತ್ತಿದರು. ನಾಲ್ಕನೆಯ ವರ್ಷ ಕಾಯಿ ಒಯ್ಯಲು ಅಜ್ಜ ಬರಲೇ ಇಲ್ಲ... ತೀರಿಕೊಂಡ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ತಿಂಗಳಾಗಿತ್ತು.

ಈಗ ನಮ್ಮೂರಿನ ಏಳೆಂಟು ಮನೆಯವರ ಬದುಗಳಲ್ಲಿ ಮಾಕಳಿ ಇದೆ. ಅಜ್ಜಂಪುರದ ಕಡೆಯಿಂದಲೂ ರೈತರು ಬಂದು ಸಸಿ ಒಯ್ಯುತ್ತಾರೆ. ಉಪ್ಪಿನಕಾಯಿ ಮಾಡುವವರು ನಮ್ಮ ಬಾಗಿಲಿಗೇ ಬರುವುದರಿಂದ ಗುಡ್ಡಕ್ಕೆ ಗುದ್ದಲಿ ಹೊರುವವರು ಕಡಿಮೆಯಾಗಿದ್ದಾರೆ. ನಾನೇ ಏನೋ ದೊಡ್ಡದು ಮಾಡಿದೆನೆಂಬಂತೆ ಜನ ಮಾತಾಡಿಸುವಾಗ ನಾಚಿಕೆಯಾಗುತ್ತದೆ. ನಾನು ಕೊಟ್ಟದ್ದು ಒಂದು ಬದು, ಅಷ್ಟೇ.

ಹೋದ ಮಳೆಗಾಲದಲ್ಲಿ ಅಜ್ಜನ ಮಗಳ ಜೊತೆ ಮೊದಲ ಸಲ ಆ ಗುಡ್ಡ ಹತ್ತಿದೆ. ಬಂಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ಬಳ್ಳಿ ಹಬ್ಬಿತ್ತು. ಇವುಗಳಲ್ಲಿ ಅಜ್ಜ ನೆಟ್ಟದ್ದು ಯಾವುದು, ತಾನಾಗಿ ಹುಟ್ಟಿದ್ದು ಯಾವುದು ಎಂದು ಕೇಳಿದೆ.

ಅವಳು ಸುತ್ತ ನೋಡಿ, "ಅಪ್ಪಂಗೆ ಗೊತ್ತಿತ್ತು ಕಣಕ್ಕ," ಎಂದಳು.